ಗಡಿಗೆಯ ತಳದಲ್ಲಿ ಒಂದು ಹಿಡಿ

ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಯಾರಾದರೂ ಏನಾದರೂ ಕೊಟ್ಟರೆ ಅದೇ ವಾರ ಅವರಿಗೆ ಎರಡು ಸಾಲು ಕೃತಜ್ಞತೆ ಬರೆಯಬೇಕೆಂದು ಹೇಳಿಕೊಟ್ಟಿದ್ದರು. ಕೊಪ್ಪಳಕ್ಕೆ ಸೊಸೆಯಾಗಿ ಬಂದಾಗ ಆ ಪಾಠ ಕೆಲಸಕ್ಕೆ ಬರಲಿಲ್ಲ. ಇಲ್ಲಿ ಕೊಡುವ ಹೆಂಗಸರಿಗೆ ಓದಲು ಬರುತ್ತಿರಲಿಲ್ಲ.

ಅವರು ಕೊಡುತ್ತಿದ್ದದ್ದು ಜೋಳ. ನಮ್ಮ ಮನೆಯ ಬೀಸುವ ಕಲ್ಲಿನ ಪಕ್ಕ, ಗೋಡೆಗೆ ತಾಗಿ, ಒಂದು ಸಣ್ಣ ಮಣ್ಣಿನ ಗಡಿಗೆ ಇರುತ್ತಿತ್ತು. ಬೆಳಗಿನ ಜಾವ ಬೀಸಲು ಕೂತಾಗ, ಕಲ್ಲಿಗೆ ಕಾಳು ಹಾಕುವ ಮುಂಚೆ ಗಡಿಗೆಗೆ ಒಂದು ಹಿಡಿ ಹಾಕಬೇಕು. ಅಂಥ ಗಡಿಗೆಗಳನ್ನು ನನ್ನ ಅತ್ತೆ ಊರಿನ ಎಷ್ಟೋ ಮನೆಗಳಲ್ಲಿ ಇಡಿಸಿದ್ದರು. ಆ ಜೋಳದಿಂದ ಹೆಣ್ಣುಮಕ್ಕಳ ಸಾಲೆಯೊಂದು ನಡೆಯುತ್ತಿತ್ತು. ಆಗ ನಿಜಾಮರ ಕಾಲ, ಸರ್ಕಾರಿ ಸಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಹುಡುಗಿಯರು ಕನ್ನಡ ಕಲಿಯಬೇಕೆಂದರೆ ಊರವರೇ ಕಲಿಸಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ಬಂದ ಕೆಲವರು ಅಲ್ಲೇ ಉಂಡು, ಅಲ್ಲೇ ಮಲಗಿ ಓದುತ್ತಿದ್ದರು.

ಅವರಲ್ಲಿ ಯಲಬುರ್ಗಾ ಕಡೆಯ ಒಬ್ಬ ಹುಡುಗಿ. ಮೈನೆರೆಯುವ ಮೊದಲೇ ಗಂಡ ತೀರಿಹೋಗಿದ್ದ. ಬಳೆಯಿಲ್ಲದ ಆ ಸಣ್ಣ ಮುಂಗೈ ಮೇಲೆ ಯಾವಾಗಲೂ ಬಳಪದ ಪುಡಿ ಅಂಟಿಕೊಂಡಿರುತ್ತಿತ್ತು. ಅವಳನ್ನು ತಂದುಬಿಟ್ಟ ಸೋದರಮಾವ ಹೊಸ್ತಿಲು ಕೂಡ ದಾಟಲಿಲ್ಲ.

"ನೀವು ಉಣ್ಣಾಕ ಹಾಕೂತನಕ ಇರ್ಲಿ ಬಿಡ್ರಿ," ಎಂದ. "ಆಗೂದಿಲ್ಲಂದ್ರ ಹೇಳಿ ಕಳಸ್ರಿ, ಕರಕೊಂಡು ಹೊಕ್ಕೀನಿ. ಮನ್ಯಾಗ ದನದ ಕೆಲಸ ರಗಡ ಐತಿ."

ಅವಳ ಓದೆಲ್ಲ ನಿಂತಿದ್ದದ್ದು ಆ ಗಡಿಗೆಗಳ ಮೇಲೆ.

ಈಗ ಸಂಘ ನಡೆಸುವ ಹೆಣ್ಣುಮಕ್ಕಳು ಚಂದಾ ಕೇಳುವುದು ಹೇಗೆಂದು ನನ್ನನ್ನು ವಿಚಾರಿಸುತ್ತಾರೆ. ನನಗೆ ಗೊತ್ತಿರುವುದು ಅತ್ತೆ ಮಾಡುತ್ತಿದ್ದದ್ದು ಮಾತ್ರ. ಪ್ರತಿ ಶುಕ್ರವಾರ ಅವರು ನನ್ನನ್ನೂ ಆ ಹುಡುಗಿಯನ್ನೂ ಕರೆದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಹೋದ ಕೂಡಲೇ ಕಾಳಿನ ಮಾತಿಲ್ಲ. ಮೊದಲು ಕೂಡುವುದು, ಕೊಟ್ಟ ನೀರು ಕುಡಿಯುವುದು. ಸೊಸೆಯ ಕೆಮ್ಮು ಕಡಿಮೆಯಾಯಿತೇ, ಎಮ್ಮೆ ಈಯಿತೇ ಎಂದು ಕೇಳುವುದು. ಗಡಿಗೆಯಲ್ಲಿ ಕಾಳು ಕಡಿಮೆಯಿದ್ದರೆ ಅದನ್ನು ನೋಡದವರ ಹಾಗೆ ಇರುವುದು. ಕಾಳನ್ನು ಚೀಲಕ್ಕೆ ಸುರಿದುಕೊಂಡ ಮೇಲೆ ತಳದಲ್ಲಿ ಒಂದು ಹಿಡಿ ಬಿಡುವುದು. ನಮ್ಮ ಕಡೆ ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ, ಬೆಲ್ಲದ ಚೂರಾದರೂ ಇಟ್ಟು ಕೊಡುತ್ತೇವೆ. ಅತ್ತೆ ಆ ರೂಢಿಯನ್ನೇ ಗಡಿಗೆಗೂ ಹಚ್ಚಿದ್ದರು.

ನೇಕಾರರ ಓಣಿಯಲ್ಲಿ ಒಬ್ಬ ವಿಧವೆ ಇದ್ದಳು. ಬಾಯಿ ಜೋರು. ನಮ್ಮನ್ನು ಕಂಡರೆ, "ಬಂದ್ರಾ ಕಾಳಿನ ಸಾವ್ಕಾರ್ತೇರು! ಏ ಇಲಿಗೋಳ್ರ್ಯಾ, ಓಡ್ರಿ, ನಿಮ್ಮ ಪಾಲು ಒಯ್ಯಾಕ ಬಂದಾರ," ಎಂದು ಕೂಗುತ್ತಿದ್ದಳು. ಒಂದು ಶುಕ್ರವಾರ ಹುಡುಗಿ ಬಳಪದಿಂದ ಬರೆಯುವ ಪಾಟಿ ನೋಡಿ, "ನನ್ನ ಹೆಸರೂ ಇದರಾಗ ಬರ್ತೈತೇನ?" ಎಂದಳು.

"ಬರ್ತೈತಿ ಚಿಗವ್ವಾ. ಮೂರ ಅಕ್ಷರ."

"ವಾರಕ್ಕೊಂದು ಕಲಸು. ಒಮ್ಮೆಲೆ ಕಲಿಸಿದ್ರ ನೀ ಮುಂದ ಬರೂದ ಬಿಡ್ತೀ."

ಮೊದಲ ಅಕ್ಷರವನ್ನು ಅವಳು ಇದ್ದಲಿನಿಂದ ಗಡಿಗೆಯ ಮೇಲಿನ ಗೋಡೆಗೆ ಬರೆದುಕೊಂಡಳು. ಅದು ಒಂದು ಬದಿಗೆ ವಾಲಿತ್ತು. ಮರುವಾರ ಅದರ ಪಕ್ಕ ಇನ್ನೊಂದು ಬಂತು. ಅದು ಕೊಂಚ ನೆಟ್ಟಗಿತ್ತು. ಬೀಸುವಾಗ ಅವನ್ನೇ ನೋಡುತ್ತಿರುತ್ತೇನೆ ಎಂದು ಹೇಳಿ ನಾಚಿದಳು.

ಅದೇ ಹೊತ್ತಿಗೆ ಗಂಗಾವತಿಯ ಒಬ್ಬ ಅಕ್ಕಿ ವ್ಯಾಪಾರಿ, ಸಾಲೆಗೆ ವರ್ಷಪೂರ್ತಿ ಬೇಕಾದ ಅಕ್ಕಿ ತಾನೇ ಕಳಿಸುತ್ತೇನೆ ಎಂದರು. ಒಳ್ಳೆಯ ಮನುಷ್ಯ, ಈಗಲೂ ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಾಲೆಯ ಹಿರಿಯರಿಗೆ ಹಿಗ್ಗೋ ಹಿಗ್ಗು. ನಮ್ಮ ಮಾವನವರೂ ಅವರಲ್ಲಿ ಒಬ್ಬರು.

"ಇನ್ನ ಹೆಣ್ಣಮಕ್ಕಳು ಓಣಿ ಓಣಿ ತಿರಗೂದು ಬ್ಯಾಡ, ಛಂದ ಕಾಣೂದಿಲ್ಲ," ಎಂದು ಮಾವ ಊಟದ ಹೊತ್ತಿನಲ್ಲಿ ಹೇಳಿದರು. "ಗಡಿಗಿ ಎಲ್ಲಾ ತರಸ್ತೀವಿ. ಸಾಲಿ ಸಾಮಾನು ಸಾಲ್ಯಾಗ ಇರಬೇಕು."

ಅತ್ತೆಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. "ಕಾಳು ಬ್ಯಾಡಾದ್ರ ಬಿಡ್ರಿ. ಗಡಿಗಿ ಯಾಕ ತರಸ್ತೀರಿ? ಇದ್ದಲ್ಲೆ ಇರ್ಲಿ."

"ನಿನಗ ತಿಳಿಯೂದಿಲ್ಲ, ಬಡಸು."

ಅತ್ತೆ ಬಡಿಸಿದರು.

ಬಂಡಿಯ ಆಳು ಹೋಗಿ ಎಲ್ಲವನ್ನೂ ತಂದ. ಸಾಲೆಯ ಹಿತ್ತಲಲ್ಲಿ ಗಡಿಗೆಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಒಟ್ಟಿದರು. ಕೆಲವು ಒಡೆದವು. ಶುಕ್ರವಾರಗಳು ನಿಂತವು. ಹುಡುಗಿಯರು ಮಾತ್ರ ವಾರದ ದಿನಗಳಲ್ಲೂ ಹಬ್ಬದ ಹಾಗೆ ಅನ್ನ ಉಂಡರು. "ಚಿಗವ್ವನ ಮೂರನೇ ಅಕ್ಷರ ಉಳೀತ್ರಿ," ಎಂದು ಆ ಹುಡುಗಿ ಎರಡು ಮೂರು ಸಲ ನನ್ನ ಹತ್ತಿರ ಅಂದಳು. ಒಬ್ಬಳೇ ಹೋಗಲು ಅವಳಿಗೆ ಅಪ್ಪಣೆಯಿರಲಿಲ್ಲ.

ಆಮೇಲೆ ಯುದ್ಧದ ಕಾಲ ಬಂತು. ಬೆಳೆದವರು ಸರ್ಕಾರಕ್ಕೆ ಇಂತಿಷ್ಟು ಧಾನ್ಯ ಅಳೆಯಬೇಕೆಂದು ಲೆವಿ ಬಿತ್ತು, ಸರ್ಕಾರದ ಕಾಗದವಿಲ್ಲದೆ ಒಂದು ಚೀಲವೂ ತಾಲೂಕು ದಾಟದಂತಾಯಿತು. ಗಂಗಾವತಿಯ ಬಂಡಿ ಒಮ್ಮೆ ತಡವಾಗಿ ಬಂತು. ಮತ್ತೆ ಬರಲೇ ಇಲ್ಲ. ಹಿರಿಯರು ಓಡಾಡಿದರು, ಅರ್ಜಿ ಹಾಕಿದರು. ಕೊನೆಗೆ ಮಾವನವರು ಅತ್ತೆಯ ಕಡೆ ನೋಡದೆ, "ನೀವ ಒಮ್ಮೆ ಓಣ್ಯಾಗ ಹೋಗಿ ಬರ್ರಿ," ಎಂದರು.

ಹೋದೆವು. ಎಲ್ಲರೂ ಕೂರಿಸಿದರು, ನೀರು ಕೊಟ್ಟರು. ಈ ವರ್ಷ ಕಾಳೇ ಇಲ್ಲ ಎಂದರು. ಅದು ಸುಳ್ಳಲ್ಲ. ಆದರೆ ಕಾಳು ಇಲ್ಲದ ವರ್ಷಗಳಲ್ಲೂ ಹಿಂದೆ ಗಡಿಗೆಯಲ್ಲಿ ಏನಾದರೂ ಬೀಳುತ್ತಿತ್ತು.

ನೇಕಾರರ ಓಣಿಯ ಆ ಹೆಂಗಸು ಇಲಿಗಳನ್ನು ಕೂಗಲಿಲ್ಲ. ಕಂಬಳಿ ಹಾಸಿ ಕೂರಿಸಿದಳು.

"ಅಕ್ಕಾರ, ನಾ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಆಳು ಬಂದು ಗಡಿಗಿ ಬೋರಲ ಹಾಕಿ, ತಳಕ್ಕ ಬಡದು ಬಡದು ಜಾಡಿಸಿ ಒಯ್ದ. ಒಂದ ಕಾಳ ಬಿಡಲಿಲ್ಲ. ಅವತ್ತ ನನ್ನ ಹಿಡಿ ನಿಮಗ ಬ್ಯಾಡಾತು. ಇವತ್ತ ಹೆಂಗ ಬೇಕಾತು?"

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಗಡಿಗೆ ಇದ್ದ ಜಾಗದಲ್ಲಿ ನೆಲದ ಮೇಲೆ ದುಂಡನೆಯ ಗುರುತು ಇನ್ನೂ ಇತ್ತು. ಅದರ ಮೇಲೆ, ಗೋಡೆಯಲ್ಲಿ, ಆ ಎರಡು ಅಕ್ಷರ. ಸುಣ್ಣ ಬಳಿಯುವಾಗ ಅಷ್ಟು ಜಾಗ ಮಾತ್ರ ಬಿಟ್ಟು ಬಳಿದಿದ್ದಳು.

ಸಾಲೆಯ ಹಿರಿಯರು ಊಟ ಹಾಕಲು ಆಗುವುದಿಲ್ಲವೆಂದು ಹಳ್ಳಿಗಳಿಗೆ ಹೇಳಿಕಳಿಸಿದರು. ಎಲ್ಲರಿಗಿಂತ ಮೊದಲು ಬಂದವನು ಯಲಬುರ್ಗಾದ ಸೋದರಮಾವ. ಆಡಿದ ಮಾತು ತಪ್ಪದ ಮನುಷ್ಯ. ಹುಡುಗಿ ಅಳಲಿಲ್ಲ. ಪಾಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗುವವರೆಗೆ ನಿಂತು, ನನ್ನ ಕೈಗೆ ಕೊಟ್ಟಳು. "ಸಾಲೀದು ಐತ್ರಿ," ಎಂದಳು. ಇರಲಿ, ನಿನ್ನ ಹತ್ತಿರವೇ ಇರಲಿ ಎಂದೆ. "ಅಲ್ಲೆ ಇದನ್ನ ಏನ ಮಾಡ್ಲಿರಿ?" ಎಂದು ಹೋಗಿ ಬಂಡಿ ಹತ್ತಿದಳು. ಬಂಡಿಯಲ್ಲಿ ನಮ್ಮ ಕಡೆ ಮುಖ ಮಾಡಿಯೇ ಕೂತಿದ್ದಳು.

ಮುಂದಿನ ಶುಕ್ರವಾರ ಮಧ್ಯಾಹ್ನ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ನೇಕಾರರ ಓಣಿಯ ಅದೇ ಹೆಂಗಸು. ಸೊಂಟದ ಮೇಲೆ ತನ್ನದೇ ತಾಮ್ರದ ಕೊಡ, ಅದರ ಕಂಠದವರೆಗೆ ಜೋಳ.

"ಅವತ್ತ ನಾ ಹಂಗ ಅನ್ನಬಾರದಿತ್ತ್ರಿ. ಓಣ್ಯಾಗ ಅವರಿವರ ಕಡೆ ಕೇಳಿ ಕೂಡಿಸೇನಿ. ಆ ಪೋರಿ ಎಲ್ಲೆ? ಕರೀರಿ, ನಂದೊಂದು ಅಕ್ಷರ ಬಾಕಿ ಐತಿ."

ಅತ್ತೆ ನನ್ನ ಮುಖ ನೋಡಿದರು. ನಾನೇ ಹೇಳಬೇಕಾಯಿತು.

ಅವಳು ಕೊಡವನ್ನು ಇಳಿಸಿ ಅದರ ಪಕ್ಕದಲ್ಲೇ ಕುಕ್ಕರಿಸಿದಳು. ಆ ಅಕ್ಷರ ನನಗೂ ಬರುತ್ತದೆ, ನಾನು ಹೇಳಿಕೊಡಲೇ ಎಂದೆ.

"ಬ್ಯಾಡ್ರಿ ಯವ್ವಾ," ಎಂದಳು. "ಅದು ಆಕೀದು."

ಉಳಿದ ಹುಡುಗಿಯರಿಗೆ, ಅವರವರ ಮನೆಯವರು ಬರುವತನಕ, ಆ ಜೋಳದ ರೊಟ್ಟಿಯಾಯಿತು. ಅವತ್ತು ಜೋಳ ಸುರಿದುಕೊಂಡ ಮೇಲೆ ಅವಳು ಬರಿದಾದ ಕೊಡವನ್ನು ಎತ್ತಿಕೊಳ್ಳಲು ಬಗ್ಗಿದಾಗ ಅತ್ತೆ ತಡೆದರು. ಒಳಗೆ ಹೋಗಿ ನಮ್ಮ ಬೀಸುವ ಕಲ್ಲಿನ ಪಕ್ಕದಿಂದ ಒಂದು ಹಿಡಿ ತಂದು ಅದರ ತಳಕ್ಕೆ ಹಾಕಿದರು. ಕಾಳು ತಾಮ್ರಕ್ಕೆ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ.