ಅಳಿಸಿದ್ದ ದನಿ

ಬೈಲಹೊಂಗಲದ ಠಾಣೆಯಲ್ಲಿ ಸಾಹೇಬರು ಕಂಪ್ಯೂಟರಿನ ಗುಂಡಿ ಒತ್ತಿದರು. ಸತ್ತು ತಿಂಗಳಾದ ಹುಡುಗಿಯ ದನಿ ಕೇಳಿಸಿತು: “ಅವ್ವಾ, ನಾ ಹೊಕ್ಕೇನಿ.”

ಪಕ್ಕದ ಮನೆಯ ನೀಲವ್ವನಿಗೆ ಜೊತೆಯಾಗಿ ನಾನು ಹೋಗಿದ್ದೆ. ಅವಳ ಮಗಳು ಹೊಲದ ಬಾವಿಯಲ್ಲಿ ಸಿಕ್ಕಿದ್ದಳು. ಕಾಲು ಜಾರಿ ಬಿದ್ದಳೆಂದು ಗಂಡನ ಮನೆಯವರು ಹೇಳಿದ್ದರು. ಸತ್ತ ದಿನ ಬೆಳಗ್ಗೆ ಮಗಳು ಅವ್ವನಿಗೆ ಕಳಿಸಿ, ಅವ್ವ ಕೇಳುವ ಮೊದಲೇ ತಾನೇ ಅಳಿಸಿಹಾಕಿದ್ದ ಈ ಸಂದೇಶವನ್ನು ಪ್ರಯೋಗಾಲಯದವರು ಅವಳ ಮೊಬೈಲಿನಿಂದ ಹೊರತೆಗೆದಿದ್ದರು.

ಸಾಹೇಬರು ಮೈಸೂರು ಕಡೆಯವರು. “ಎಲ್ಲಿಗೆ ಹೋಗ್ತೀನಿ ಅಂತಿದಾಳಮ್ಮ? ನಿಮ್ಮನೆಗಾ?” ಎಂದು ಕೇಳಿದರು.

“ಇನ್ನೊಮ್ಮೆ ಹಚ್ರಿ,” ಎಂದಳು ನೀಲವ್ವ. ಹಚ್ಚಿದರು. ಅವಳು ಕಣ್ಣು ಮುಚ್ಚಿ ಕೇಳಿದಳು.

“ಎಲ್ಲಿಗೂ ಅಲ್ರಿ ಸಾಹೇಬ್ರ. ಅಂಗಡಿಗಿ ಹೊಂಟ್ರೂ ಆಕಿ ‘ಬರತೇನವ್ವಾ’ ಅಂತಿದ್ಲರಿ. ಇದ್ರಾಗ ಬರತೇನಿ ಅಂದಿಲ್ಲ.”

ಮೊನ್ನೆ ನನ್ನ ಮಗಳು ಕಾಲೇಜಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತ “ಹೊಕ್ಕೇನಿ” ಎಂದಳು. ಹೊರಗೆ ಬಸ್ಸು ಹಾರ್ನ್ ಹಾಕುತ್ತಿತ್ತು. ಆ ಇನ್ನೊಂದು ಮಾತು ಅವಳ ಬಾಯಿಂದ ಬರುವವರೆಗೆ ನಾನು ಹಿಡಿದ ಅವಳ ಕೈ ಬಿಡಲಿಲ್ಲ.