ಕೈ ಕೊಡು, ಅಣ್ಣಾ

ಮೊನ್ನೆ ಗಂಗಾವತಿಯ ಬಸ್ಸಿನಲ್ಲಿ ಹೋಗುವಾಗ ಹೇಮಗುಡ್ಡದ ಹತ್ತಿರದ ಏರಿನಲ್ಲಿ ಹಳೆಯ ಲಾರಿಯೊಂದು ನಮ್ಮ ಮುಂದೆ ತೆವಳುತ್ತಿತ್ತು. ಅದರ ಕ್ಲಚ್ ಪ್ಲೇಟು ಸುಡುವ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದವರು ಸೆರಗು, ಟವೆಲು ಮೂಗಿಗೆ ಹಿಡಿದರು. ನಾನು ಹಿಡಿಯಲಿಲ್ಲ. ಆ ವಾಸನೆಯ ಹಿಂದೆಯೇ ನನಗೆ ಇರಕಲ್ಲಗಡದ ನಮ್ಮ ಮನೆಯ ಅಂಗಳ ಬರುತ್ತದೆ. ಬಿಸಿಲಿಗೆ ಕಾದ ರೆಗ್ಜಿನ್ ಸೀಟು ತೊಡೆಗೆ ಅಂಟಿದ್ದು, ಅವ್ವ ಬುತ್ತಿಗೆ ಕಟ್ಟಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಘಮ, ಡಿಕ್ಕಿಯಲ್ಲಿ ಖಾಲಿ ಡಬ್ಬಿಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು, ಎಲ್ಲ ಬರುತ್ತವೆ. ಕೊನೆಗೆ ನನ್ನ ತಂಗಿ ನೀಲಾಳ ದನಿ ಬರುತ್ತದೆ.

ಅಪ್ಪ ಶೇಂಗಾ ವ್ಯಾಪಾರಿ. ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಹೊಸ ಕಾರು ತಂದಾಗ, ಅವರ ಹಳೆಯ ಅಂಬಾಸಿಡರ್ ನಮ್ಮ ಅಂಗಳಕ್ಕೆ ಬಂತು. ಕೆನೆ ಬಣ್ಣ, ದುಂಡನೆಯ ಮೈ, ಒಳಗೆ ಸಾಹುಕಾರರ ಅತ್ತರಿನ ವಾಸನೆ ಇನ್ನೂ ಉಳಿದಿತ್ತು. ಅಪ್ಪ ಪ್ರತಿ ಅಮಾವಾಸ್ಯೆಗೆ ಅದಕ್ಕೆ ಕಾಯಿ ಒಡೆಯುತ್ತಿದ್ದ. ನಮ್ಮನ್ನು ಹೊಡೆದ ಕೈಯಿಂದಲೇ ಅದರ ಮೂತಿ ಸವರುತ್ತಿದ್ದ. ಆದರೆ ಗಾಡಿಯ ಸೆಲ್ಫ್ ಸತ್ತಿತ್ತು. ದಬ್ಬದೆ ಚಾಲೂ ಆಗುತ್ತಿರಲಿಲ್ಲ. ಚಾಲೂ ಆದ ಮೇಲೆ ನಿಲ್ಲಿಸಿದರೆ ಹೆಚ್ಚಿನ ಸಲ ಮತ್ತೆ ಸಾಯುತ್ತಿತ್ತು. ಅದಕ್ಕೇ ನಮ್ಮ ಮನೆಯವರೆಲ್ಲ ಓಡುವ ಗಾಡಿ ಹತ್ತುವುದನ್ನು ಕಲಿತಿದ್ದೆವು. ಅಪ್ಪ ಸ್ಟೇರಿಂಗ್ ಹಿಡಿಯುವನು, ಅವ್ವ ಗಂಟು ಅವುಚಿಕೊಂಡು ಒಳಗೆ ಕೂಡುವಳು. ಅಪ್ಪನ ತಮ್ಮ ನಮ್ಮ ಕಾಕಾ, ನಾನು, ನೀಲಾ ಹಿಂದಿನಿಂದ ದಬ್ಬುವುದು. ಎಂಜಿನ್ನು ಕೆಮ್ಮಿ ಉಸಿರು ಹಿಡಿದ ಕೂಡಲೇ ಕಾಕಾ ಮುಂದಿನ ಬಾಗಿಲಿಗೆ, ನಾನು ಹಿಂದಿನ ಬಾಗಿಲಿಗೆ ಓಡಿ ಜಿಗಿಯುತ್ತಿದ್ದೆವು. ಎಲ್ಲರಿಗಿಂತ ಹಗುರ ಎಂದು ನೀಲಾ ಕೊನೆಗೆ. ನಾನು ಕಾಲಿನಿಂದ ಬಾಗಿಲು ತೆರೆದು ಹಿಡಿದು ಕೈ ಚಾಚಬೇಕು. ಅವಳು ಲಂಗ ಎತ್ತಿ ಹಿಡಿದು, ನಗುತ್ತ, ಧೂಳಿನಲ್ಲಿ ಓಡಿ ಬರುವಳು. “ಅಣ್ಣಾ, ಕೈ ಕೊಡು!” ಬೆವರಿದ ಆ ಸಣ್ಣ ಅಂಗೈಯನ್ನು ಹಿಡಿದು ಎಳೆದರೆ ಹಕ್ಕಿಯ ಹಾಗೆ ಒಳಗೆ ಬಂದು ಬೀಳುತ್ತಿದ್ದಳು. “ಈ ಗಾಡಿ ಪೆಟ್ರೋಲಿನ ಮ್ಯಾಲೆ ಅಲ್ಲ, ಮಂದಿ ಮೈ ಮ್ಯಾಲೆ ಓಡತೈತಿ,” ಎಂದು ಕಾಕಾ ನಗಿಸುತ್ತಿದ್ದ.

ಆ ಬೇಸಿಗೆ ದೇವಿಯ ದರ್ಶನಕ್ಕೆಂದು ತುಳಜಾಪುರಕ್ಕೆ ಹೊರಟೆವು. ಅಷ್ಟು ದೂರ ಆ ಗಾಡಿ ಎಂದೂ ಹೋಗಿರಲಿಲ್ಲ. ಹೊರಟ ಸ್ವಲ್ಪ ಹೊತ್ತಿಗೆ ನೀಲಾಳಿಗೆ ವಾಂತಿಯಾಯಿತೆಂದು ಅಪ್ಪ ನನ್ನನ್ನು ನಡುವೆ ಸರಿಸಿ ಅವಳಿಗೆ ಕಿಟಕಿ ಕೊಡಿಸಿದ. ಗಾಳಿ ಬಡಿದು ಅವಳು ಚೇತರಿಸಿಕೊಂಡಳು. ರಸ್ತೆ ಬದಿಯ ಕಲ್ಲು, ಬೋರ್ಡು, ಗೋಡೆಯ ಮೇಲಿನ ಬೀಜ ಗೊಬ್ಬರದ ಜಾಹೀರಾತು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿದಳು. ಅವಳು ಐದನೇ ಇಯತ್ತೆ. ನಾನು ಏಳನೇ ಇಯತ್ತೆಯಲ್ಲಿ ನಪಾಸಾಗಿ ಎರಡನೆಯ ಸಲ ಕೂತಿದ್ದೆ. ನಾನು ಮೊದಲ ಅಕ್ಷರ ಹಿಡಿಯುವುದರೊಳಗೆ ಕಲ್ಲು ಹಿಂದೆ ಹೋಗಿರುತ್ತಿತ್ತು.

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದ: “ಸಣ್ಣಾಕಿ ಹೆಂಗ ಓದತಾಳ ನೋಡಲೇ. ನಿನ್ನ ಸಾಲಿಗೆ ಹಾಕೂ ಬದಲಿ ಒಂದು ಎಮ್ಮಿ ಕಟ್ಟಿದ್ದರ ಹಾಲರ ಕುಡೀತಿದ್ವಿ.”

“ಎಮ್ಮಿಗೆ ಯಾಕ ಬೈತಿ ಅಣ್ಣಾ,” ಎಂದ ಕಾಕಾ. “ಅದು ಕರದರ ತಿರುಗಿ ನೋಡತೈತಿ.”

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ನೀಲಾ ನಗಲಿಲ್ಲ. ಮುಂದಿನ ಬೋರ್ಡು ಬಂದಾಗ ದನಿ ತಗ್ಗಿಸಿ ನನ್ನ ಕಿವಿಯಲ್ಲಿ ಓದಿ, “ನೀ ಹೇಳು ಅಣ್ಣಾ, ಜೋರಾಗಿ,” ಎಂದಳು. ಅಪ್ಪನ ಮಾತಿಗಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಕುಷ್ಟಗಿ ದಾಟಿ ಚಹಾಕ್ಕೆಂದು ನಿಂತಾಗ ಎಂಜಿನ್ನು ಆರಿತು. ಕುಡಿದು ಬಂದು ಮತ್ತೆ ದಬ್ಬಿದೆವು. ಚಾಲೂ ಆಯಿತು. ಕಾಕಾ ಹತ್ತಿದ, ನಾನು ಹತ್ತಿದೆ. ಬಾಗಿಲು ತೆರೆದು ಹಿಡಿದು ಕೈ ಚಾಚಿದೆ. ಅವಳು ಓಡಿ ಬರುತ್ತಿದ್ದಳು. “ಅಣ್ಣಾ, ಕೈ ಕೊಡು!” ಇನ್ನೊಂದಿಷ್ಟು ಓಡಲಿ, ಅಳಲಿ, ಅವಳೂ ಒಮ್ಮೆ ಎಲ್ಲರೆದುರು ನಗೆಪಾಟಲಾಗಲಿ ಎನಿಸಿತು. ಅವಳು ಜಿಗಿಯುವ ಹೊತ್ತಿಗೆ ಕೈ ಹಿಂದಕ್ಕೆ ಎಳೆದುಕೊಂಡೆ. ಕೈ ಇದ್ದೇ ಇರುತ್ತದೆಂದು ನಂಬಿ ಜಿಗಿದವಳಿಗೆ ಗಾಳಿ ಸಿಕ್ಕಿತು. ಹಿಂದಿನ ಗಾಲಿ ಅವಳ ಪಾದದ ಮೇಲೆ ಹಾಯಿತು. ಗಾಡಿ ಸ್ವಲ್ಪವೇ ಎತ್ತಿ ಇಳಿದಂತಾಯಿತು, ಅಷ್ಟೆ.

ಅಪ್ಪ ಎಂಜಿನ್ನು ಆರಗೊಡದೆ ನಿಲ್ಲಿಸಿ ತಿರುಗಿ ನೋಡಿದ. “ಕೈ ಕೊಟ್ಟಿಲ್ಲೇನಲೇ?”

“ಕೊಟ್ಟೆ,” ಎಂದೆ. “ಅಕಿನ ಹಿಡೀಲಿಲ್ಲ.”

ನಮ್ಮ ಮಾತಿನಲ್ಲಿ ಕೈ ಕೊಡುವುದಕ್ಕೆ ಎರಡು ಅರ್ಥ. ನಂಬಿದವರನ್ನು ನಡುದಾರಿಯಲ್ಲಿ ಬಿಟ್ಟವನೂ ಕೈ ಕೊಟ್ಟವನೇ. ನಾನು ಹೇಳಿದ ಎರಡು ಮಾತಿನಲ್ಲಿ ಒಂದು ಹಾಗೆ ನಿಜವಾಗಿತ್ತು. ಕಾಕಾ ಎತ್ತಿಕೊಂಡು ಬಂದಾಗ ನೀಲಾ ನೋವಿನ ನಡುವೆಯೂ ನನ್ನ ಪರವಾಗಿಯೇ ಹೇಳಿದಳು: “ಅಣ್ಣ ಕೊಟ್ಟಿದ್ದ, ಅಪ್ಪಾ. ನನಗ ಹಿಡಿಯಾಕ ಬರಲಿಲ್ಲ.”

ಮುಂದಿನ ಊರಿನ ಔಷಧದ ಅಂಗಡಿಯವನು ಮುಲಾಮು ಕೊಟ್ಟು, ದೊಡ್ಡ ದವಾಖಾನೆಗೆ ತೋರಿಸ್ರಿ ಎಂದ. “ದೇವಿಗೆ ಹೊಂಟ ಗಾಡಿ ಹೊಳ್ಳೂದಿಲ್ಲ. ಬಂದ ಮ್ಯಾಲೆ ನೋಡೂಣು,” ಎಂದ ಅಪ್ಪ. ಅವ್ವ ಸೀರೆಯ ಸೆರಗು ಹರಿದು ಅರಿಸಿನ ಹಚ್ಚಿ ಕಟ್ಟಿದಳು. ಕಾಲು ಚಾಚಲು ಜಾಗ ಬೇಕೆಂದು ನೀಲಾಳನ್ನು ಅವ್ವನ ತೊಡೆಗೆ ಒರಗಿಸಿ, ಕಿಟಕಿಯನ್ನು ನನಗೆ ಕೊಟ್ಟರು. ದಾರಿಯುದ್ದಕ್ಕೂ ಕಾಕಾ ಅವಳನ್ನು ಕುಂಟಲಕ್ಕ ಎಂದು ಕಾಡಿದ. ಅಪ್ಪ, ಕಣ್ಣು ನೆತ್ತಿ ಮೇಲಿದ್ದರೆ ಹೀಗೇ ಆಗುವುದೆಂದ. ಅವಳು ಅದನ್ನೆಲ್ಲ ಒಪ್ಪಿಕೊಂಡು, ನಡುನಡುವೆ ನರಳುತ್ತ, ಮತ್ತೆ ಬೋರ್ಡು ಓದಲಿಲ್ಲ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ನಾನು ಅಷ್ಟು ಸುಖವಾಗಿ ಮತ್ತೆಂದೂ ಪ್ರಯಾಣ ಮಾಡಿಲ್ಲ. ಕೃಷ್ಣೆಯ ಸೇತುವೆಯ ಮೇಲೆ ತಂಪು ಗಾಳಿ ಅಂಗಿಯೊಳಗೆ ತುಂಬಿತು. ವಿಜಾಪುರದಲ್ಲಿ ಅಪ್ಪ ದ್ರಾಕ್ಷಿ ಕೊಡಿಸಿದ. ನಾನು ಬೀಜ ಉಗುಳುತ್ತ, ಹಿಂದಕ್ಕೆ ಓಡುವ ಹೊಲಗಳನ್ನು ನೋಡುತ್ತ ಕೂತಿದ್ದೆ.

ಊರಿಗೆ ಬಂದ ಮೇಲೂ ದವಾಖಾನೆಯ ಮಾತು ಮುಂದೆ ಮುಂದೆ ಹೋಗಿ, ಎಲುಬು ತನಗೆ ತಿಳಿದಂತೆ ಕೂಡಿಕೊಂಡಿತು. ಪಾದ ಒಳಕ್ಕೆ ತಿರುಗಿಯೇ ಉಳಿಯಿತು. ಶಾಲೆಗೆ ನಡೆಯಲಾರಳೆಂದು ಅವಳ ಪಾಟಿಚೀಲ ಗೂಟಕ್ಕೆ ತೂಗುಬಿತ್ತು. ಆ ವರ್ಷವೂ ನಪಾಸಾಗಿ ನಾನು ಶಾಲೆ ಬಿಟ್ಟೆ. ನನ್ನನ್ನು ಯಾರೂ ಕೇಳಲಿಲ್ಲ. ಬೆಳೆದ ಮೇಲೆ ಅವಳನ್ನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿನ ಒಬ್ಬ ವಯಸ್ಸಾದವನಿಗೆ ಎರಡನೆಯ ಸಂಬಂಧ ಕೊಟ್ಟರು. ಗಾಡಿ ಅಂಗಳದಲ್ಲಿ ತುಕ್ಕು ತಿಂದು, ಕೋಳಿಗಳಿಗೆ ಗೂಡಾಗಿ, ಒಂದು ದಿನ ಗುಜರಿಗೆ ಹೋಯಿತು. ಅಪ್ಪ, ಅವ್ವ, ಕಾಕಾ ಒಬ್ಬೊಬ್ಬರಾಗಿ ಹೋದರು. ಮನೆ ಇದ್ದ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ ಇದೆ. ಆ ಗಾಡಿಯಲ್ಲಿ ಕೂತವರಲ್ಲಿ ಉಳಿದವರು ನಾವಿಬ್ಬರೇ.

ಮೊನ್ನೆ ಆ ಬಸ್ಸಿನಲ್ಲಿ ನಾನು ಹೋಗುತ್ತಿದ್ದುದು ಅವಳ ಮನೆಗೇ. ನೀಲಾ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಗಂಡ ತೀರಿದ ಮೇಲೆ ಅವಳೂ ಮಗಳು ರೇಣುಕಾಳೂ ಇಬ್ಬರೇ. ಕುಳಿತವನು ಆ ದಿನದ ನಿಜವನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಕ್ಕಿಯೊಳಗಿನ ಅವಳ ಕೈ ನಿಂತಿತು.

“ನೀ ಕೈ ಚಾಚಿದ್ದು ನಾ ನೋಡಿದ್ದೆ,” ಎಂದಳು.

“ಚಾಚಿದ್ದೆ. ನೀ ಜಿಗಿಯೂ ಹೊತ್ತಿಗೆ ಎಳಕೊಂಡೆ.”

“ಬೇಕಂತನ?”

“ಬೇಕಂತನ.”

ಅವಳು ಅಳಲಿಲ್ಲ, ಬೈಯಲಿಲ್ಲ. ಬೇರೆ ಯಾರಿಗೋ ಹೇಳುವಂತೆ ಹೇಳಿದಳು: “ರೇಣುಕಾಗ ಸಾಲ್ಯಾಗ ಸೈಕಲ್ ಕೊಟ್ಟಿದ್ರು. ಹೈಸ್ಕೂಲು ದೂರ. ನಾ ಹತ್ತಗೊಡಲಿಲ್ಲ. ನಮ್ಮ ಕಾಲು ನಂಬೂವಂಥಾವಲ್ಲವ್ವಾ, ನಾನೂ ಹಿಂಗ ಸೊಕ್ಕಿಲೆ ಜಿಗದು ಬಿದ್ದಾಕಿ ಅಂತ ಹೇಳಿ ಹೇಳಿ ಸಾಲಿ ಬಿಡಿಸಿದೆ. ಭಾಳ ಅತ್ತಳು. ಹೊಡದೆ.” ಆಮೇಲೆ ನನ್ನ ಮುಖ ನೋಡಿದಳು. “ಅಕಿ ನಾಟಿ ಮುಗಿಸಿ ಬರೂ ಹೊತ್ತಾತು. ಕುಂದರು. ನಾ ಹೇಳಿದ್ರ, ನಿನ್ನ ತಪ್ಪು ಅಣ್ಣನ ಮ್ಯಾಲೆ ಹಾಕ್ತಿ ಅಂತಾಳ. ನಿನ್ನ ಬಾಯಿಲೆ ಹೇಳಿ ಹೋಗು.”

ಬಸ್ಸಿಗೆ ತಡವಾಗುತ್ತದೆಂದು ನಾನು ಎದ್ದೆ. ತಡವೇನೂ ಆಗಿರಲಿಲ್ಲ. ಅವಳು ತಡೆಯಲಿಲ್ಲ. ಅಕ್ಕಿಯ ಕಡೆ ತಿರುಗಿದಳು.

ಕಾಲುವೆಯ ದಾರಿಯಲ್ಲಿ ರೇಣುಕಾ ಎದುರಾದಳು. ಮೊಣಕಾಲ ತನಕ ಕೆಸರು, ತಲೆಗೆ ಸುತ್ತಿದ ಟವೆಲು. “ಮಾಮಾ, ಈಗ ಬಂದು ಈಗ ಹೊಂಟ್ರ ಹೆಂಗ್ರಿ? ಅವ್ವ ಚಾ ಕೊಟ್ಟಳೋ ಇಲ್ಲೋ?”

“ಕೊಟ್ಟಳವ್ವ,” ಎಂದೆ.

ನಾನು ಬೇಡವೆಂದರೂ ಅವಳು ನನ್ನ ಕೈಚೀಲ ತೆಗೆದುಕೊಂಡು ನಿಲ್ದಾಣದ ತನಕ ಬಂದಳು. ಬಸ್ಸು ಬರುವ ತನಕ ನನ್ನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು. ಬಸ್ಸು ಬೇಗ ಬರಲಿಲ್ಲ. ಇಡೀ ಬಯಲು ನೀರು ನಿಂತು ಹೊಳೆಯುತ್ತಿತ್ತು, ಬೆಳ್ಳಕ್ಕಿಗಳು ಇಳಿಯುತ್ತಿದ್ದವು, ನಮ್ಮಿಬ್ಬರ ಸುತ್ತ ಯಾರೂ ಇರಲಿಲ್ಲ.

“ನಾಟಿ ಹೆಂಗ ನಡದೈತವ್ವ ಈ ಸಲ?” ಎಂದು ಕೇಳಿದೆ.

“ಛಲೋ ನಡದೈತ್ರಿ, ಮಾಮಾ,” ಎಂದಳು.