ಬಂಡೆಗೆ ಇಳಿದ ಗೂಟಗಳು

ದೆವ್ವ, ಗಾಳಿ, ಇವನ್ನೆಲ್ಲ ನಾನು ನಂಬಿದವಳೇ ಅಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ಚಹಾ ಮಾಡಲು ಹೋಗುತ್ತಿದ್ದೆ. ಈಗ ನನ್ನದೇ ಒಂದನ್ನು ಹೇಳಲು ಕೂತಿದ್ದೇನೆ. ಅದನ್ನು ನೆನೆದರೆ ನನಗೆ ಹೆದರಿಕೆ ಆಗುವುದಿಲ್ಲ, ಮೈಯೆಲ್ಲ ಉರಿಯುತ್ತದೆ. ಯಾಕೆಂದು ನೀವೇ ಕೇಳಿ.

ನಾವು ಬೀದರ್ ಕಡೆಯವರು, ಇರುವುದು ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ. ರಜೆ ಸಿಕ್ಕರೆ ಊರ ಹೊರಗಿನ ಗುಡ್ಡಗಳಲ್ಲಿ ರಾತ್ರಿ ಕಳೆಯುವ ಹುಚ್ಚು ನನ್ನ ಗಂಡನಿಗೆ. ಕೆಲವು ವರ್ಷಗಳ ಹಿಂದೆ ಟೆಂಟು ಕೊಳ್ಳುವ ಮಾತು ಬಂದಾಗ ಬಿಡಿಸಿ ಹೇಳಿದ್ದೆ: ಸ್ವಲ್ಪ ಭಾರವಾದರೂ ತನ್ನ ಕಡ್ಡಿಗಳ ಮೇಲೆ ತಾನೇ ನಿಲ್ಲುವಂಥದ್ದು ಇರಲಿ. ಇಲ್ಲಿನ ಗುಡ್ಡವೆಂದರೆ ಬರೀ ಕಲ್ಲು, ಗೂಟ ಹೊಡೆದರೆ ಮಾತ್ರ ನಿಲ್ಲುವ ಟೆಂಟು ಏನು ಸುಡುವುದಕ್ಕೆ? ಕೇಳಿದರೆ ತಾನೇ! ಅಂಥದ್ದನ್ನೇ ತಂದು, ನನ್ನ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, "ಒಂದು ಕಿಲೋನೂ ಇಲ್ಲ ನೋಡು" ಎಂದು ಹಿಗ್ಗಿದರು.

ಮೊದಲ ಸಲ ಅದನ್ನು ಹೊತ್ತು ಹೋದ ಗುಡ್ಡದ ಮೇಲೆ ಆದದ್ದು ನಾನು ಹೇಳಿದ್ದೇ. ಎಲ್ಲಿ ನೋಡಿದರೂ ಹಾಸುಬಂಡೆ. ಕಲ್ಲು ತೆಗೆದುಕೊಂಡು ಕುಟ್ಟಿದರೆ ಗೂಟ ಇಳಿಯುವುದಿರಲಿ, ಒಂದು ಗೀರೂ ಬೀಳಲಿಲ್ಲ. ಹಗ್ಗಗಳ ಮೇಲೆ ಕೈಗೆ ಸಿಕ್ಕ ಕಲ್ಲು ಹೇರಿ, ನಡುವೆ ಕೋಲು ನಿಲ್ಲಿಸಿ, ಗೂಟಗಳನ್ನು ಅಲ್ಲೇ ಬಿಟ್ಟು, ಏನಾದರೂ ತರುತ್ತೇನೆಂದು ಗಂಡ ಕೆಳಗೆ ಕಾರಿನ ಕಡೆ ಹೋದರು. ಅವರು ಹೋಗಿದ್ದೇ ತಡ, ಗಾಳಿ ಮಳೆ ಒಟ್ಟಿಗೇ ಬಂದವು.

ಒಳಗೆ ನಾನು ಮತ್ತು ಏಳು ವರ್ಷದ ಮಗಳು. ಕಲ್ಲುಗಳು ಉರುಳಿ ಟೆಂಟು ನಮ್ಮ ಮೇಲೇ ಕುಸಿಯಿತು. ಗಾಳಿ ಅದನ್ನೂ ನಮ್ಮನ್ನೂ ಬಂಡೆಯ ಇಳಿಜಾರಿಗೆ ಎಳೆಯುತ್ತಿತ್ತು. ಒಂದು ಕೈಯಲ್ಲಿ ಮಗಳನ್ನು ಅವುಚಿಕೊಂಡು, ಇನ್ನೊಂದರಲ್ಲಿ ಕೋಲು ಹಿಡಿದು, ಗಂಡನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಆಗ ಹೊರಗೆ ಗೂಟ ಹೊಡೆಯುವ ಸದ್ದು ಕೇಳಿಸಿತು. ಅವಸರವೇ ಇಲ್ಲದ ಸದ್ದು. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿತ್ತು. ಬಟ್ಟೆ ಮೇಲೆದ್ದು ಬಿಗಿಯಾಯಿತು.

"ಪಪ್ಪಾ ಬಂದ್ರು," ಅಂದಳು ಮಗಳು. ನಾನು ಕೂಗಿ ಕರೆದೆ, ಯಾರೂ ಓಗೊಡಲಿಲ್ಲ.

ಮಳೆ ನಿಂತ ಮೇಲೆ ಅವರು ಬಂದರು. ಅಂಗಿಯ ಮೇಲೆ ಒಂದು ಹನಿ ನೀರಿಲ್ಲ. ಅಷ್ಟು ಹೊತ್ತೂ ಕಾರಿನಲ್ಲೇ ಕೂತಿದ್ದರಂತೆ. ಬ್ಯಾಟರಿ ಹಿಡಿದು ನೋಡಿದರೆ ನಾಲ್ಕೂ ಗೂಟಗಳು ತಲೆಯವರೆಗೆ ಬಂಡೆಯೊಳಗಿದ್ದವು. ಸುತ್ತಲೂ ಬೆರಳಾಡಿಸಿದೆ. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಬೆಳಿಗ್ಗೆ ಇಬ್ಬರೂ ಸೇರಿ ಎಳೆದರೂ ಅಲುಗಲಿಲ್ಲ, ಹಗ್ಗ ಕೊಯ್ದು ಬಂದೆವು.

ಗಂಡ ಏನೆಂದರು ಗೊತ್ತೇ? ನಾನೇ ಬಿರುಕು ಹುಡುಕಿ ಹೊಡೆದೆನಂತೆ, ಗಾಬರಿಯಲ್ಲಿ ಮರೆತೆನಂತೆ! ಮಗಳು ಉಳಿದಳು, ಉಳಿಸಿದವರು ಯಾರೇ ಇರಲಿ, ಕೈಮುಗಿಯುತ್ತೇನೆ. ಆದರೆ ನನ್ನ ಮಾತೇ ಸರಿಯೆಂದು ಕಣ್ಣಿಗೆ ಕಾಣುವ ಹೊತ್ತಿಗೆ ಬಂದು, ಇವರ ಟೆಂಟಿನ ಮಾನ ಉಳಿಸಿ ಹೋದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ಮನೆಗೆ ಬಂದವರ ಮುಂದೆಲ್ಲ ಇವರದು ಆ ಟೆಂಟಿನ ಗುಣಗಾನವೇ ಗುಣಗಾನ.

ನಾಳೆ ಅಪ್ಪ ಮಗಳು ಇಬ್ಬರೇ ಮತ್ತೆ ಹೊರಟಿದ್ದಾರೆ. ಅದೇ ಟೆಂಟು, ಅಂಥದ್ದೇ ಹೊಸ ಗೂಟ. ಬೇಡವೆಂದು ಅಡ್ಡ ನಿಂತೆ.

"ಆವತ್ತು ನಿಂತಿತ್ತಲ್ಲ, ಮತ್ತೇನು?" ಅಂದರು.

"ಅದು ನಿಲ್ಲಲಿಲ್ರೀ, ಯಾರೋ ನಿಲ್ಲಿಸಿದ್ರು."

"ಯಾರು?"

ಎಂದು ಕೇಳುತ್ತಲೇ ಅವರು ಟೆಂಟನ್ನು ಚೀಲಕ್ಕೆ ಹಾಕಿದರು.